ದಣಿವಾರಿದ ಬಾವಿಗಳು

ನೀರು ಬಾರದ ದಿನ ನೀವು ಯಾರನ್ನು ಬೈದಿರಿ? ಮಳೆಯನ್ನೋ, ನಿಮ್ಮ ಹಣೆಬರಹವನ್ನೋ, ಸೈಕಲ್ಲಿನಲ್ಲಿ ಬಂದು ವಾಲ್ವು ತಿರುಗಿಸಿ ಹೋಗುವ ನೀರುಗಂಟಿಯನ್ನೋ? ಬೈದು, ಕೊಡ ಕುಕ್ಕಿ, ಮರುದಿನ ನಲ್ಲಿ ಸುರಿದ ಕೂಡಲೇ ಎಲ್ಲವನ್ನೂ ಮರೆತು ಸ್ನಾನಕ್ಕೆ ಹೋದಿರಿ. ಒಣಗಿದ್ದು ಆ ದಿನವೇ ಏಕೆ ಎಂದು ಒಮ್ಮೆಯಾದರೂ ಕೇಳಿದಿರಾ?

ತಗ್ಗಿನ ಬೀದಿಯವರೂ ಕೇಳಿರಲಿಲ್ಲ. ಆ ಮಧ್ಯಾಹ್ನ ನೀರು ಸರಬರಾಜು ಕಚೇರಿಯ ಯೋಜನಾ ವಿಭಾಗದ ಎಂಜಿನಿಯರ್ ತನ್ನ ಸೋದರಮಾವನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಅವಳ ಅತ್ತೆ ಹೊಸ್ತಿಲಿಗೆ ಒರಗಿ, ಮಡಿಲ ತುಂಬ ಬಟ್ಟೆಕ್ಲಿಪ್ಪುಗಳನ್ನು ಹಾಕಿಕೊಂಡು, ಮುರಿದವನ್ನು ಆರಿಸಿ ಎಸೆಯುತ್ತ ಕುಳಿತಿದ್ದಳು. ಅತ್ತೆ ಹಗಲುಹೊತ್ತಿನಲ್ಲಿ ಕುಳಿತದ್ದನ್ನು ಕಂಡವರು ಕಡಿಮೆ. ರೈಲು ನಿಲ್ದಾಣದ ಸುತ್ತಲಿನ ವಸತಿಗೃಹಗಳ ಹಾಸುಬಟ್ಟೆಗಳೆಲ್ಲ ಒಗೆಯಲು ಬರುವುದು ಈ ಬೀದಿಗೇ. ಈ ಗೋಡೆಯಿಂದ ಆ ಗೋಡೆಗೆ ಬಿಗಿದ ಹಗ್ಗಗಳ ಮೇಲೆ ಅವು ದಿನವೂ ತೂಗುತ್ತವೆ. ಮನೆಗೆ ಬರುವವರು ಒಂದಾದ ಮೇಲೊಂದು ಬಿಳಿ ಪರದೆಯನ್ನು ಸರಿಸಿಕೊಂಡೇ ಬರಬೇಕು. ಅಂದು ಹಗ್ಗಗಳು ಬರಿದಾಗಿದ್ದವು. ಬೀದಿ ಈ ತುದಿಯಿಂದ ಆ ತುದಿಯವರೆಗೆ ಬಿಸಿಲಿಗೆ ಬತ್ತಲಾಗಿ ನಿಂತಿತ್ತು.

"ಏನತ್ತೆ, ಹಗ್ಗ ಖಾಲಿ? ಲಾಡ್ಜಿನವರೆಲ್ಲ ಇವತ್ತು ಬರೀ ನೆಲದ ಮೇಲೆ ಮಲಗ್ತಾರಾ?"

"ಬಾರೇ ಜಗಳಗಂಟಿ," ಎಂದಳು ಅತ್ತೆ. ಮಾವ ನೀರುಗಂಟಿ, ಅವನ ಅಕ್ಕನ ಮಗಳು ಜಗಳಗಂಟಿ. ತಾಯಿಯಿಲ್ಲದ ಅವಳನ್ನು ಈ ಮನೆ ಸಾಕಿಕೊಂಡ ದಿನದಿಂದಲೂ ಬೀದಿಯವರು ಇಟ್ಟ ಹೆಸರು ಅದು. "ನಲ್ಲಿ ಸತ್ತಿದೆ. ನಾಳೆ ನಿಮ್ಮ ಕಚೇರಿಯವರು ಬಾವಿ ಅಳೆಯೋಕೆ ಬರ್ತಾರಲ್ಲ, ಅದಕ್ಕೆ."

"ಅಳೆಯೋದು ನಾಳೆ. ನಲ್ಲಿ ಇವತ್ತೇ ಯಾಕೆ ಸಾಯ್ಬೇಕು?"

"ಇದೊಳ್ಳೆ ಕಥೆ! ಇಲ್ಲೇ ಬೆಳೆದವಳು ಕೇಳೋ ಮಾತಾ ಇದು? ಅಳತೆ ಹಿಂದಿನ ದಿನ ನಲ್ಲಿ ಯಾವತ್ತು ಬಂದಿದೆ? ನಲ್ಲಿ ಸಾಯತ್ತೆ, ಬೀದಿ ತಲೆಲಿರೋ ಆ ಕೈಪಂಪಿಗೆ ಮಾತ್ರ ಹರೆಯ ಬರತ್ತೆ. ಬೇರೆ ದಿನ ಜಗ್ಗಿ ಜಗ್ಗಿ ತೋಳು ಬಿದ್ದುಹೋಗತ್ತೆ. ಇವತ್ತು ಹೋಗಿ ಸುಮ್ನೆ ಕೈಯಿಡು, ಬುಳಬುಳ ಅಂತ ಬರತ್ತೆ. ಆದ್ರೆ ಒಂದೇ ಪಂಪಲ್ಲಿ ಬೀದಿಯೆಲ್ಲ ಒಗೆಯೋಕಾಗತ್ತಾ? ಕುಡಿಯೋಕೆ ಇಟ್ಕೋತೀವಿ, ರಜಾ ತಗೋತೀವಿ."

ಅತ್ತೆ ಇದನ್ನು ಹವಾಮಾನದ ಸುದ್ದಿಯಂತೆ ಹೇಳಿ ಮತ್ತೊಂದು ಕ್ಲಿಪ್ಪನ್ನು ಎಸೆದಳು. ಎಂಜಿನಿಯರ್ ಮಾತ್ರ ಕೈಚೀಲವನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತು ನಿಂತಳು. ಚೀಲದಲ್ಲಿ ನಗರದ ಅಂತರ್ಜಲ ಕೇಂದ್ರಗಳ ಉನ್ನತೀಕರಣ ಯೋಜನೆಯ ಕರಡು ನಕ್ಷೆಯಿತ್ತು. ತಗ್ಗಿನ ಬೀದಿಯ ಬೆನ್ನಿಗಿರುವ ಪಂಪ್‌ಹೌಸಿನ ಏಳು ಕೊಳವೆಬಾವಿಗಳಿಂದ ಹಳೆಯ ಮೋಟಾರುಗಳನ್ನು ಕಿತ್ತು, ಇನ್ನೂ ಆಳಕ್ಕೆ ಇನ್ನೂ ದೊಡ್ಡವನ್ನು ಇಳಿಸಿ, ಗುಡ್ಡದ ಮೇಲೆ ಹೊಸದಾಗಿ ಎದ್ದ ಬಡಾವಣೆಯ ತೊಟ್ಟಿಗೆ ದಪ್ಪ ಕೊಳವೆಯಲ್ಲಿ ನೀರೇರಿಸುವುದು ಆ ಯೋಜನೆ. ಬಾವಿಗಳಲ್ಲಿ ಗುಡ್ಡಕ್ಕೂ ತಗ್ಗಿಗೂ ಸಾಲುವಷ್ಟು ನೀರಿದೆ ಎಂಬುದು ಅದರ ಅಡಿಪಾಯ. ಅಷ್ಟು ನೀರಿದೆ ಎಂದು ಹೇಳಿದ್ದು ಯಾರು? ಅಳತೆ. ಅಳತೆಯ ಹಿಂದಿನ ದಿನ ಏನಾಗುತ್ತದೆ ಎಂಬುದನ್ನು ಬಟ್ಟೆಕ್ಲಿಪ್ಪು ಎಸೆಯುತ್ತಿದ್ದ ಅತ್ತೆ ಈಗಷ್ಟೇ ಹೇಳಿದ್ದಳು.

ಅವಳು ಬೀದಿಯ ತಲೆಗೆ ಹೋಗಿ ಕೈಪಂಪಿನ ಹಿಡಿಯನ್ನು ಒತ್ತಿದಳು. ಎರಡನೆಯ ಒತ್ತಿಗೇ ನೀರು ಕಾಲಮೇಲೆ ಸುರಿಯಿತು. ತಣ್ಣಗಿತ್ತು. ನಲ್ಲಿ ಸತ್ತಿದೆಯೆಂದರೆ ಪಂಪ್‌ಹೌಸಿನ ಮೋಟಾರುಗಳು ನಿಂತಿವೆ. ಅವೆಲ್ಲ ನಿಂತ ದಿನ ಈ ಪಂಪಿನಲ್ಲಿ ನೀರು ಮೇಲೇರುತ್ತದೆ ಎಂದರೆ, ಅವೆಲ್ಲ ಓಡುವ ದಿನ ಕೆಳಗಿಳಿಯುತ್ತದೆ. ಕೈಪಂಪು ಮತ್ತು ಆ ಏಳು ಬಾವಿಗಳು ಕುಡಿಯುವುದು ಒಂದೇ ತಂಬಿಗೆಯಿಂದ.

ಪಂಪ್‌ಹೌಸನ್ನೂ ನೋಡಿಕೊಳ್ಳುವ ಮಾವ ಅದರ ಅಂಗಳದಲ್ಲಿ ಮೊಣಕಾಲೂರಿ ಬಾವಿಯ ಮುಚ್ಚಳಕ್ಕೆ ಹಸಿರು ಬಣ್ಣ ಬಳಿಯುತ್ತಿದ್ದ. ನೆಲ ಗುಡಿಸಿತ್ತು. ಒತ್ತಡ ತೋರಿಸುವ ಹಿತ್ತಾಳೆಯ ಮಾಪಕಗಳು ಮಿರಮಿರನೆ ಹೊಳೆಯುತ್ತಿದ್ದವು. ಮೋಟಾರುಗಳ ಗುಂಯ್‌ಗುಡುವಿಕೆ ಇಲ್ಲದ ಆ ಅಂಗಳ, ಗಂಟಲು ಕಟ್ಟಿದ ಮನುಷ್ಯನಂತೆ ಅಪರಿಚಿತವಾಗಿತ್ತು.

"ಬಾ ಬಾ, ಚಪ್ಪಲಿ ಅಲ್ಲೇ ಬಿಡು, ಬಣ್ಣ ಹಸಿ ಇದೆ," ಎಂದ ಮಾವ. "ನೋಡು, ಎಲ್ಲರೂ ಹೇಗೆ ಮಲಗಿದ್ದಾರೆ. ದೊಡ್ಡವಳು, ಗೊಣಗಿ, ಸೋಮಾರಿ, ಎಲ್ಲರೂ. ಆ ಕಿರಿಯವಳಿಗೆ ಮಾತ್ರ ಇನ್ನೊಂದು ಸ್ವಲ್ಪ ಹೊತ್ತು ಬೇಕು, ಸುಧಾರಿಸಿಕೊಳ್ಳೋದು ತಡ."

"ಮಾವ, ನಾಳೆ ಒಂದು ಬಾವಿ ಅಳೆಯುವಾಗ ಮಿಕ್ಕ ಆರು ಏನ್ಮಾಡ್ತಿರ್ತವೆ?"

"ಏನ್ಮಾಡ್ತವೆ? ಮಲಗಿರ್ತವೆ. ಒಂದೊಂದಾಗಿ ಎಬ್ಬಿಸಿ, ಓಡಿಸಿ, ಅಳೆದು, ಮತ್ತೆ ಮಲಗಿಸ್ತೀನಿ."

"ಪ್ರತಿ ಸಲವೂ?"

"ಇದೇನು ಹೊಸದಾ? ನಿನ್ನ ಪರೀಕ್ಷೆ ಹಿಂದಿನ ದಿನ ನಿನ್ನತ್ತೆ ನಿನ್ನ ಕೈಲಿ ಪಾತ್ರೆ ತೊಳೆಸ್ತಿದ್ದಳಾ? ಹೊಟ್ಟೆತುಂಬ ಬಡಿಸಿ, ಬೇಗ ಮಲಗಿಸಿ, ಬೆಳಿಗ್ಗೆ ತಲೆ ಬಾಚಿ ಕಳಿಸ್ತಿದ್ದಳಲ್ವಾ? ಇವೂ ಹಾಗೇ."

ಅವಳ ಮುಖ ಕೆಂಪೇರಿತು. "ನನ್ನ ಪರೀಕ್ಷೆಯಲ್ಲಿ ನಾನು ಫೇಲಾಗಿದ್ರೆ ನನ್ನೊಬ್ಬಳ ಹಣೆಬರಹ, ಮಾವ. ಇವು ಸುಳ್ಳುಸುಳ್ಳೇ ಪಾಸಾದ್ರೆ ಬೀದಿಗೆ ಬೀದಿಯೇ ಬಾಯಾರಿ ಸಾಯತ್ತೆ. ನಿನ್ನ ಒಳ್ಳೆ ಅಂಕ ನೋಡಿಕೊಂಡು ಅಲ್ಲಿ ದೊಡ್ಡ ದೊಡ್ಡ ಮೋಟಾರು ಬರೀತಿದ್ದಾರೆ!"

ಮಾವ ಕುಂಚವನ್ನು ಡಬ್ಬಿಯಲ್ಲಿಟ್ಟ. ಅಂಗಳದ ಮೂಲೆಯಲ್ಲಿ ಕಾಂಕ್ರೀಟು ತುಂಬಿ ಮುಚ್ಚಿದ ಎಂಟನೆಯ ಬಾವಿಯೊಂದಿತ್ತು. ಅವನ ಕಣ್ಣು ಅತ್ತ ಹೋಯಿತು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಬೇಸಗೆಯ ದಿನ, ಎಲ್ಲ ಮೋಟಾರುಗಳೂ ಓಡುತ್ತಿದ್ದಾಗಲೇ ತಪಾಸಣೆಯವನೊಬ್ಬ ಹೇಳದೆ ಕೇಳದೆ ಬಂದು ಅದರೊಳಗೆ ಅಳತೆಪಟ್ಟಿ ಇಳಿಸಿದ್ದ. ಆ ಬಾವಿಯಲ್ಲಿ ನೀರು ಆಳಕ್ಕೆ ಇಳಿದಿತ್ತು. 'ಸತ್ತ ಬಾವಿ' ಎಂದು ಬರೆದುಕೊಂಡು ಹೋದ. ಕಲ್ಲು ತುಂಬಿ, ಕಾಂಕ್ರೀಟು ಸುರಿದರು. ಹಿಂದಿನ ಓಣಿಯವರು ಬೇಸಗೆಯಿಡೀ ಟ್ಯಾಂಕರಿನ ಹಿಂದೆ ಓಡಿದರು.

"ಅದು ಸತ್ತಿರಲಿಲ್ಲ ಕಣೇ," ಎಂದ ಮಾವ. "ದಣಿದಿತ್ತು, ಅಷ್ಟೇ. ಬದುಕಿರೋದನ್ನ ಹೂತರು. ಅವತ್ತಿಂದ ದಣಿದಿರೋ ಬಾವೀನ ನಾನು ಯಾರಿಗೂ ತೋರಿಸಿಲ್ಲ. ತೋರಿಸೋದೂ ಇಲ್ಲ. ನನ್ನ ಬಾವಿಗಳ ಮಾನ ನಿನ್ನ ಕೈಲಿ ತೆಗೆಸ್ಕೊಳ್ಳೋಕೆ ನಿನ್ನನ್ನ ಓದಿಸಿದ್ದಾ ನಾನು?"

ಅವನು ಮತ್ತೆ ಕುಂಚ ಹಿಡಿದ. ಅವಳು ಚಪ್ಪಲಿ ಮೆಟ್ಟಿಕೊಂಡು, ಹಸಿ ಬಣ್ಣ ತುಳಿಯದಂತೆ ದಾಟಿ ಹೊರಬಂದಳು. ಪ್ರೀತಿಯಿಂದ ಮಾಡಿದ ತಪ್ಪನ್ನು ತಿದ್ದುವಷ್ಟು ಕಷ್ಟದ ಕೆಲಸ ಲೋಕದಲ್ಲಿ ಮತ್ತೊಂದಿಲ್ಲ. ದ್ವೇಷದಿಂದ ಮಾಡಿದ್ದಾದರೆ ಕೂಗಾಡಿಯಾದರೂ ನಿಲ್ಲಿಸಬಹುದು.

ಅಳತೆ ನಡೆಯಿತು. ಬಾವಿಗಳು ಒಂದೊಂದಾಗಿ ಎದ್ದು, ತಲೆ ಬಾಚಿದ ಮಕ್ಕಳಂತೆ ಉತ್ತರ ಹೇಳಿ, ಮತ್ತೆ ಮಲಗಿದವು. ಮರುದಿನ ಹಿರಿಯ ಎಂಜಿನಿಯರರ ಕೋಣೆಯಲ್ಲಿ ಆ ಉತ್ತರಗಳು ಗಾಜಿನ ಮೇಜಿನ ಮೇಲೆ ಹರಡಿಕೊಂಡಿದ್ದವು. ಕಚೇರಿಯವರು ಈ ಅಧಿಕಾರಿಯನ್ನು ಬೆನ್ನಹಿಂದೆ ನಗುಮುಖದ ಸಾಹೇಬರು ಎನ್ನುತ್ತಿದ್ದರು. ಅವರು ಸಿಟ್ಟಾದದ್ದನ್ನು ಯಾರೂ ಕಂಡಿರಲಿಲ್ಲ. ಸಿಟ್ಟಾಗುವ ಕೆಲಸವನ್ನೆಲ್ಲ ಅವರು ಕೆಳಗಿನವರಿಗೆ ಬಿಟ್ಟುಕೊಟ್ಟಿದ್ದರು.

"ನೋಡಮ್ಮ, ಎಷ್ಟು ಚೆನ್ನಾಗಿ ಬಂದಿದೆ," ಎಂದರು ಅವರು. "ಏಳು ಬಾವಿ, ಏಳು ಅಳತೆ. ಕೂಡಿದ್ರೆ ಗುಡ್ಡಕ್ಕೂ ಸಾಕು, ತಗ್ಗಿಗೂ ಸಾಕು, ಮೇಲೊಂದಿಷ್ಟು ಉಳಿಯತ್ತೆ. ಮುಂದಿನ ವಾರ ಸಮಿತಿಯೆದುರು ಇನ್ನೊಂದು ಸಲ ಅಳೆದು ತೋರಿಸಿದ್ರೆ ಮಂಜೂರಾತಿ."

"ಕೂಡೋ ಹಾಗಿಲ್ಲ ಸರ್. ಏಳೂ ಒಂದೇ ಒರತೆಯಿಂದ ಎಳೀತವೆ. ಒಂಟಿಯಾಗಿ ಓಡಿಸಿದಾಗ ಪ್ರತಿಯೊಂದೂ ಮಿಕ್ಕ ಆರರ ಪಾಲನ್ನೂ ಕುಡೀತಿದೆ. ಒಂದೇ ಹಸುವನ್ನ ಏಳು ಬಾಗಿಲಲ್ಲಿ ನಿಲ್ಲಿಸಿ ಎಣಿಸಿದ್ದೀವಿ ಸರ್ ನಾವು. ಏಳು ಹಸು ಅಂತ ಹಾಲಿಗೆ ಪಾತ್ರೆ ಕೊಳ್ತಿದ್ದೀವಿ."

ಸಾಹೇಬರು ಸೀಸೆಯ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ನಿಧಾನವಾಗಿ ಕುಡಿದರು. ಅವರ ಮುಖದಲ್ಲಿ ಆಶ್ಚರ್ಯದ ಒಂದು ಗೆರೆಯೂ ಮೂಡಲಿಲ್ಲ. ಅದನ್ನು ನೋಡಿಯೇ ಅವಳಿಗೆ ಅರ್ಥವಾಯಿತು: ಈ ಮನುಷ್ಯನಿಗೆ ಇದು ಹೊಸ ಪಾಠವಲ್ಲ.

"ನಿಮಗೆ ಗೊತ್ತಿತ್ತು," ಎಂದಳು.

"ಎಲ್ಲ ಊರಲ್ಲೂ ಹೀಗೇ ಅಳೀತಾರೆ, ಅಮ್ಮ. ಒಂಟಿ ಅಳತೆ ನಿಯಮದಲ್ಲೇ ಇದೆ."

"ಮೊದಲ ಹೆಜ್ಜೆಯಾಗಿ ಇದೆ. ಅದಾದ ಮೇಲೆ ಎಲ್ಲಾ ಒಟ್ಟಿಗೆ ಓಡಿಸಿ ಅಳೀಬೇಕು ಅಂತಲೂ ಇದೆ. ಆ ಪುಟವನ್ನ ಯಾರೂ ತಿರುಗಿಸಲ್ಲ."

"ಆ ಪುಟ ತಿರುಗಿಸೋಕೆ ಒಂದು ಬೇಸಗೆಯಿಡೀ ಬೇಕು. ಅಷ್ಟರಲ್ಲಿ ಗುಡ್ಡದವರು ನಮ್ಮ ಗೋಣು ತಿರುಗಿಸ್ತಾರೆ." ತಮ್ಮ ಮಾತಿಗೆ ತಾವೇ ನಕ್ಕು, ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಬರೆದುಕೊಡಿ, ಬೇಡ ಅನ್ನಲ್ಲ. ಆದ್ರೆ ಸಮಿತಿಯವರು ಮೊದಲು ಏನು ಕೇಳ್ತಾರೆ ಗೊತ್ತಾ? ಇಷ್ಟು ವರ್ಷ ಬಾವಿ ಮಲಗಿಸಿ ಅಳತೆ ಕೊಟ್ಟವನು ಯಾರು ಅಂತ. ಹಸುವನ್ನ ಏಳು ಬಾಗಿಲಿಗೆ ನಡೆಸಿಕೊಂಡು ಹೋದವನು ನಾನಲ್ಲವಲ್ಲ. ನಿಮ್ಮ ಮಾವ ತಾನೆ ಅಲ್ಲಿರೋದು? ನಿವೃತ್ತಿ ಹತ್ತಿರ ಇದೆಯಂತೆ. ಪಾಪ."

ಇದನ್ನು ಓದುವವರು ಒಂದು ಕ್ಷಣ ಇಲ್ಲಿ ನಿಲ್ಲಬೇಕು. ತಪ್ಪನ್ನು ತಿಳಿಯದೆ ಮಾಡಿದವನಿಗೂ ತಿಳಿದು ಬಳಸಿಕೊಂಡವನಿಗೂ ಒಂದೇ ಬೆತ್ತವೆಂದರೆ ಅದು ಅನ್ಯಾಯ. ಮೊದಲನೆಯವನಿಗೆ ಮಾತ್ರ ಬೆತ್ತ, ಎರಡನೆಯವನ ಕೈಗೆ ಬೆತ್ತದ ಹಿಡಿ ಎಂದರೆ, ಅದನ್ನು ನಾವು ಆಡಳಿತ ಎಂದು ಕರೆದು ಸುಮ್ಮನಾಗಿದ್ದೇವೆ.

ಅವಳು ಸುಮ್ಮನಾಗಲಿಲ್ಲ. ಸಂಜೆ ಬೆಳಕಿರುವಾಗಲೇ ತಗ್ಗಿನ ಬೀದಿಗೆ ಹೋದಳು. ನಲ್ಲಿಗಳು ಮತ್ತೆ ಬದುಕಿದ್ದವು. ಹಾಸುಬಟ್ಟೆಗಳನ್ನು ಮುಖದಿಂದ ಸರಿಸುತ್ತ ಸರಿಸುತ್ತ, ಅವುಗಳ ಒದ್ದೆ ಅಂಚು ಕೆನ್ನೆಗೆ ಬಡಿಸಿಕೊಳ್ಳುತ್ತ ಒಳಹೊಕ್ಕಳು. ಮಾವ ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ಅತ್ತೆ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ನಿಂತ ಕಾಲಲ್ಲೇ ಅವಳು ಸಾಹೇಬರ ಮಾತನ್ನು ಒಂದಕ್ಷರ ಬಿಡದೆ ಇಬ್ಬರಿಗೂ ಹೇಳಿದಳು. ಹೊಸ ಮೋಟಾರು ಬಂದರೆ ಬೀದಿಯ ತಲೆಯ ಕೈಪಂಪು ಎಂದೆಂದಿಗೂ ಒಣಗುತ್ತದೆ, ಆಮೇಲೆ ನಲ್ಲಿಯೂ ತೊಟ್ಟಿಕ್ಕುವ ಮಟ್ಟಕ್ಕೆ ಬರುತ್ತದೆ, ನೀರೆಲ್ಲ ಗುಡ್ಡ ಹತ್ತುತ್ತದೆ ಎಂಬುದನ್ನೂ ಹೇಳಿದಳು.

ಮೊದಲು ಸಿಡಿದದ್ದು ಅತ್ತೆ.

"ಅಲ್ರೀ, ನಿಮ್ಮನ್ನ ಮದುವೆಯಾದಾಗಿಂದ ನನಗೊಂದು ದಿನ ರಜಾ ಕೊಟ್ಟಿದ್ದೀರಾ ನೀವು? ಜ್ವರ ಬಂದ ದಿನವೂ ಒಗೆದಿದ್ದೀನಿ. ಬಾವಿಗಳಿಗಾದ್ರೆ ಹಿಂದಿನ ದಿನವೇ ರಜಾ! ನಾನು ದಣಿದಿರೋದು ಬೀದಿಗೆಲ್ಲ ಕಾಣ್ಬಹುದು, ಅವು ದಣಿದಿರೋದು ಸಾಹೇಬರಿಗೂ ಕಾಣ್ಬಾರದು, ಅಲ್ವಾ?"

"ನೀನು ಸುಮ್ನಿರು. ನಿನಗೆ ತಿಳಿಯಲ್ಲ."

"ತಿಳೀದೆ ಏನು? ಅವು ದಣೀತವೆ ಅಂತ ಜನಕ್ಕೆ ಗೊತ್ತಾಗಿದ್ರೆ ಗುಡ್ಡದವರಿಗೆ ಕೊಳವೆ ಎಳೆಯೋ ಧೈರ್ಯ ಯಾರಿಗೆ ಬರ್ತಿತ್ತು? ಮಹಾ ಮಾನ ಕಾಪಾಡಿದ್ರಿ!"

ಮಾವ ಟವೆಲ್ಲಿನಿಂದ ಪಾದವನ್ನು ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ. ಉಗುರಿನ ಸಂದಿಯಲ್ಲಿ ಹಸಿರು ಬಣ್ಣ ಇನ್ನೂ ಅಂಟಿತ್ತು.

"ಒಟ್ಟಿಗೆ ಓಡಿಸಿ ತೋರಿಸಿದ್ರೆ ನನ್ನನ್ನ ಸುಳ್ಳುಗಾರ ಅಂತಾರೆ," ಎಂದ ಕೊನೆಗೆ.

"ಅಂತಾರೆ," ಎಂದಳು ಅವಳು.

"ನೀನೂ ಅಂತೀಯಾ?"

ಅವನ ಸಂಬಳದಲ್ಲಿ ಕೊಂಡ ಪುಸ್ತಕಗಳನ್ನು ಓದಿದವಳು ಅವಳು. ಅವನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕುಳಿತು ಶಾಲೆಗೆ ಹೋದವಳು. ಮೆತ್ತಗಿನ ಮಾತೊಂದು ನಾಲಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡಳು.

"ಇಲ್ಲಿವರೆಗೆ ತಪ್ಪು ಮಾಡಿದೆ ಅಂತೀನಿ, ಮಾವ. ಸುಳ್ಳು ಹೇಳಿದೆ ಅನ್ನಲ್ಲ. ಇವತ್ತು ಇಷ್ಟೆಲ್ಲ ಕೇಳಿದ ಮೇಲೆ, ಸಮಿತಿ ಬರೋ ಹಿಂದಿನ ದಿನ ಮತ್ತೆ ಮಲಗಿಸಿದ್ರೆ, ಆಗ ಅಂತೀನಿ."

ಮಾವ ಎದ್ದು, ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, ಇಬ್ಬರ ಮುಖವನ್ನೂ ನೋಡದೆ ಹೊರಗೆ ಹೋದ. ಹಾಸುಬಟ್ಟೆಗಳು ಒಂದಾದ ಮೇಲೊಂದು ಅಲುಗಾಡಿ, ಅವನು ಬೀದಿಯಲ್ಲಿ ಎಲ್ಲಿಯವರೆಗೆ ಹೋದನೆಂಬುದನ್ನು ತೋರಿಸಿ, ಕೊನೆಗೆ ಸ್ಥಿರವಾದವು.

"ಬೆಂಕಿ ಹಚ್ಚಿಬಿಟ್ಟೆಯಲ್ಲೇ," ಎಂದಳು ಅತ್ತೆ, ಕೆಂಡವನ್ನು ಊದುತ್ತ. ಬೈಗುಳವೋ ಮೆಚ್ಚುಗೆಯೋ, ಹೊಗೆಯಲ್ಲಿ ಅವಳ ಮುಖ ಕಾಣಲಿಲ್ಲ.

ಆಮೇಲಿನ ದಿನಗಳಲ್ಲಿ ಮಾವ ಅಕ್ಕನ ಮಗಳೊಂದಿಗೆ ಮಾತಾಡಲಿಲ್ಲ. ಫೋನು ಮಾಡಿದರೆ ಅತ್ತೆಯೇ ಎತ್ತಿ, "ಉಣ್ತಾರೆ, ಹೋಗ್ತಾರೆ, ಬರ್ತಾರೆ. ಬಾಯಿಗೆ ವಾಲ್ವು ಹಾಕ್ಕೊಂಡಿದ್ದಾರೆ," ಎನ್ನುತ್ತಿದ್ದಳು. ಎಂಜಿನಿಯರ್ ತನ್ನ ಆಕ್ಷೇಪವನ್ನು ಬರೆದು ಸಾಹೇಬರ ಮೇಜಿನ ಮೇಲಿಟ್ಟಳು. ಅವರು ನಕ್ಕು, ಅದರ ಮೇಲೆ ಲೋಟವಿಟ್ಟರು.

ಸಮಿತಿ ಬರುವ ಹಿಂದಿನ ದಿನ ಅವಳು ತಗ್ಗಿನ ಬೀದಿಯ ತಿರುವಿನಲ್ಲಿ ಬಸ್ಸಿಳಿದಳು. ಹಗ್ಗಗಳತ್ತ ನೋಡಲು ಎದೆ ಒಪ್ಪಲಿಲ್ಲ. ನೆಲವನ್ನೇ ನೋಡುತ್ತ ನಡೆದಳು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಒದ್ದೆ ಬಟ್ಟೆಯೊಂದು ಹಣೆಗೆ ಬಡಿಯಿತು. ತಲೆಯೆತ್ತಿದಳು. ಬೀದಿ ಈ ತುದಿಯಿಂದ ಆ ತುದಿಯವರೆಗೆ ಬೆಳ್ಳಗೆ ತೂಗುತ್ತಿತ್ತು. ಬೀದಿಯ ಬೆನ್ನಿನಿಂದ ಏಳು ಮೋಟಾರುಗಳ ಗುಂಯ್‌ಗಾನ ಕೇಳಿಬರುತ್ತಿತ್ತು. ಕೈಪಂಪಿನ ಬಳಿ ಒಬ್ಬ ಮುದುಕಿ ಹಿಡಿ ಜಗ್ಗಿ ಜಗ್ಗಿ, ಬಾರದ ನೀರಿಗೆ ಶಾಪ ಹಾಕುತ್ತಿದ್ದಳು.

ಮರುದಿನ ಬೆಳಿಗ್ಗೆ ಸಮಿತಿಯವರ ಕಾರುಗಳು ಪಂಪ್‌ಹೌಸಿನ ಅಂಗಳದಲ್ಲಿ ನಿಂತಾಗಲೂ ಮೋಟಾರುಗಳು ಓಡುತ್ತಲೇ ಇದ್ದವು. ದಪ್ಪ ಕೈಚೀಲ ಹಿಡಿದ ಅಧ್ಯಕ್ಷೆ ಕಿವಿಯ ಬಳಿ ಕೈಯಿಟ್ಟು, "ಏನು ಇಷ್ಟು ಗದ್ದಲ?" ಎಂದರು. ಸಾಹೇಬರ ನಗು ಒಂದು ಗಳಿಗೆ ಎಲ್ಲಿಗೋ ಹೋಗಿ ಬಂತು.

"ಏನಪ್ಪಾ, ಮೋಟಾರು ನಿಲ್ಲಿಸಿಲ್ವಾ? ನಿನ್ನೆಯಿಂದ ಓಡ್ತಾ ಇವೆಯಾ?" ಎಂದು ಅವರು ಮಾವನ ಬಳಿ ತಗ್ಗಿದ ದನಿಯಲ್ಲಿ ಕೇಳಿದರು. "ನಿಲ್ಲಿಸು, ನಿಲ್ಲಿಸು. ಒಂದನ್ನ ಮಾತ್ರ ಓಡಿಸು."

ಮಾವ ತಗ್ಗಿದ ದನಿಯಲ್ಲಿ ಉತ್ತರಿಸಲಿಲ್ಲ. ಮೋಟಾರಿನ ಸದ್ದನ್ನು ಮೀರಿ ಮಾತಾಡಿ ಅಭ್ಯಾಸವಾದ ಗಂಟಲು ಅದು.

"ಊರು ನೀರು ಕುಡಿಯೋದು ಏಳೂ ಓಡುವಾಗ ಸಾರ್. ನಿಲ್ಲಿಸಿದಾಗ ಅಲ್ಲ. ಕುಡಿಯೋ ಹೊತ್ತಲ್ಲೇ ಅಳೆಯೋಣ."

ಅವನು ಅಳತೆಪಟ್ಟಿಯ ಸುರುಳಿಯನ್ನು ಕೈಗೆತ್ತಿಕೊಂಡ. ಪಟ್ಟಿಯ ತುದಿಯಲ್ಲಿ ಬೆರಳುದ್ದದ ಲೋಹದ ಗುಂಡು. ಅದು ನೀರಿಗೆ ತಾಕಿದರೆ ಸುರುಳಿಯಲ್ಲಿರುವ ಡಬ್ಬಿ ಕುಂಯ್ ಎಂದು ಕೂಗುತ್ತದೆ. ಮಾವ ಮೋಟಾರುಗಳನ್ನು ಹಾಗೇ ಬಿಟ್ಟು, ದೊಡ್ಡವಳ ಹಸಿರು ಮುಚ್ಚಳವನ್ನು ತೆಗೆದು, ಗುಂಡನ್ನು ಒಳಗಿಳಿಸಿದ. ಮಲಗಿ ಎದ್ದ ಬಾವಿಯಲ್ಲಿ ಯಾವಾಗಲೂ ಕೂಗುತ್ತಿದ್ದ ಮಟ್ಟ ಬಂತು. ಡಬ್ಬಿ ಕೂಗಲಿಲ್ಲ. ಸುರುಳಿ ತಿರುಗುತ್ತಲೇ ಇತ್ತು. ಸಮಿತಿಯವರೆಲ್ಲ ಬಾವಿಯ ಬಾಯಿಯತ್ತ ಬಾಗಿದರು. ಮಾವನ ಹಣೆಯಲ್ಲಿ ಬೆವರು ಮೂಡಿತು. ತನ್ನ ಮಗುವಿನ ಬೆತ್ತಲೆ ಬೆನ್ನಿನ ಬರೆಗಳನ್ನು ಪರರಿಗೆ ತೋರಿಸುವವನ ಮುಖ ಅವನದಾಗಿತ್ತು. ಆದರೂ ಕೈ ನಿಲ್ಲಲಿಲ್ಲ. ಕೊನೆಗೆ ಆಳಕ್ಕಿಳಿದ ನೀರಿಗೆ ಎಟುಕದೆ ಪಟ್ಟಿಯೇ ಮುಗಿದು, ಬರಿಯ ಉರುಳೆ ಕಟಕಟ ಎಂದಿತು.

"ಪಟ್ಟಿ ಕೆಟ್ಟಿದೆ, ಮೇಡಮ್," ಎಂದರು ಸಾಹೇಬರು ತಕ್ಷಣ.

ಗೇಟಿನ ಬಳಿ ಬೀದಿಯವರು ಸೇರಿದ್ದರು. ಆ ಗುಂಪಿನಿಂದ ಅತ್ತೆ ನುಗ್ಗಿ ಬಂದಳು. ಕೈಯಲ್ಲಿ ಸಾಬೂನು ನೀರಿನ ಬಕೆಟ್ಟಿತ್ತು. ಗಂಡ ಪಟ್ಟಿಯನ್ನು ಮೇಲಕ್ಕೆ ಸುತ್ತಿ ಮುಗಿಸಿದ್ದೇ ತಡ, ಗುಂಡನ್ನು ಕಿತ್ತುಕೊಂಡು ಬಕೆಟ್ಟಿನಲ್ಲಿ ಅದ್ದಿದಳು. ಕುಂಯ್ ಎಂದು ಡಬ್ಬಿ ಕೂಗಿದ್ದು ಗೇಟಿನಾಚೆಗೂ ಕೇಳಿತು.

"ಕೆಟ್ಟಿಲ್ಲ ಸ್ವಾಮಿ," ಎಂದಳು ಅತ್ತೆ. "ನೀರು ಕಂಡ್ರೆ ಕೂಗತ್ತೆ. ಕಾಣದೇ ಇದ್ರೆ ನಿಮ್ಮ ಥರ ಸುಳ್ಳು ಕೂಗಲ್ಲ."

ಬೀದಿ ಹೋ ಎಂದು ನಕ್ಕಿತು. ಅಧ್ಯಕ್ಷೆ ನಗಲಿಲ್ಲ. ಯೋಜನಾ ವಿಭಾಗದ ಎಂಜಿನಿಯರ್ ಮುಂದೆ ಬಂದು, ಒಂಟಿ ಅಳತೆಗಳನ್ನು ಕೂಡುವುದೇಕೆ ತಪ್ಪೆಂಬುದನ್ನು ವಿವರಿಸತೊಡಗಿದಾಗ ಆಕೆ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ ಗಡಿಯಾರ ನೋಡಿಕೊಂಡರು. ಕಾರಿನ ಬಾಗಿಲು ಮುಚ್ಚಿದ ಸದ್ದು ಮೋಟಾರುಗಳ ಸದ್ದಿನಲ್ಲಿ ಮುಳುಗಿಹೋಯಿತು.

ಸತ್ಯ ಎಲ್ಲರೆದುರು ಪಟ್ಟಿಯಷ್ಟು ಉದ್ದಕ್ಕೆ ಬಿಚ್ಚಿಕೊಂಡ ಮೇಲೆ ಧರ್ಮ ಗೆದ್ದಿತೆಂದು ನೀವು ಎಣಿಸಿರಬಹುದು. ಶಾಲೆಯ ಪಾಠದಲ್ಲಿ ಹಾಗೆಯೇ ಆಗುತ್ತದೆ. ಇಲ್ಲಿ ಆದದ್ದು ಬೇರೆ. ಸಮಿತಿ ತೀರ್ಮಾನಿಸಿತು: ಬಾವಿಗಳಿಗೆ ನಿಯಮದಂತೆ ವಿಶ್ರಾಂತಿ ನೀಡದ ಕಾರಣ ಅಳತೆ ಅಸಿಂಧು, ಅವಿಧೇಯನಾದ ಪಂಪ್‌ಹೌಸಿನ ನೌಕರನನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರವಿಡತಕ್ಕದ್ದು, ಹೊಸ ನೌಕರನಿಂದ ಮರು ಅಳತೆ ಮಾಡಿಸತಕ್ಕದ್ದು, ಗುಂಪು ಸೇರದಂತೆ ಅದರ ದಿನವನ್ನು ಮುಂಚಿತವಾಗಿ ಪ್ರಕಟಿಸತಕ್ಕದ್ದಲ್ಲ. ಒಟ್ಟಿಗೆ ಓಡಿಸಿ ಅಳೆಯುವ ಪುಟವನ್ನು ಈ ಸಲವೂ ಯಾರೂ ತಿರುಗಿಸಲಿಲ್ಲ.

ಮಾವ ಪಂಪ್‌ಹೌಸಿನ ಕೀಲಿಗೊಂಚಲನ್ನು ಒಪ್ಪಿಸಿ ಬಂದ. ಸೊಂಟದ ಬಲಗಡೆ ಅದು ನೇತಾಡುತ್ತಿದ್ದ ಜಾಗವನ್ನು ನಡೆಯುವಾಗಲೆಲ್ಲ ಮುಟ್ಟಿಕೊಳ್ಳುತ್ತಿದ್ದ. ಅಕ್ಕನ ಮಗಳನ್ನು ಯೋಜನಾ ವಿಭಾಗದಿಂದ ಎತ್ತಿ ದೂರುಗಳ ಮೇಜಿಗೆ ಹಾಕಿದರು. ನೀರು ಬರುತ್ತಿಲ್ಲ ಎಂದು ಫೋನು ಮಾಡುವವರಿಗೆ 'ಗಮನಿಸಲಾಗುವುದು' ಎನ್ನುವುದು ಅಲ್ಲಿನ ಕೆಲಸ.

"ಜಗಳಗಂಟಿಗೆ ಸರಿಯಾದ ಕುರ್ಚಿಯೇ ಕೊಟ್ಟಿದ್ದಾರೆ ಬಿಡು," ಎಂದ ಮಾವ. ಅಷ್ಟು ದಿನಗಳ ಮೇಲೆ ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದು. "ಅವರು ದಿನ ಹೇಳಲ್ವಂತೆ. ಹೇಳದಿದ್ರೆ ಗೊತ್ತಾಗಲ್ಲ ಅಂದುಕೊಂಡಿದ್ದಾರೆ."

ಒಂದು ಬೆಳಿಗ್ಗೆ ದೂರುಗಳ ಮೇಜಿನ ಫೋನು ಮೊಳಗಿತು. ಎತ್ತಿದಳು. ಅತ್ತ ಕಡೆಯ ದನಿ ಹೆಸರು, ವಿಳಾಸ ಏನನ್ನೂ ಹೇಳಲಿಲ್ಲ.

"ಹಗ್ಗ ಖಾಲಿ ಇದೆ ಕಣೇ."

ಅವಳು ರಿಸೀವರನ್ನು ಮೇಜಿನ ಮೇಲೆ ಹಾಗೇ ಇಟ್ಟು ಎದ್ದಳು.

ತಗ್ಗಿನ ಬೀದಿ ಬಿಸಿಲಿಗೆ ಬತ್ತಲಾಗಿ ನಿಂತಿತ್ತು. ಹಗ್ಗಗಳ ಮೇಲೆ ಕ್ಲಿಪ್ಪುಗಳು ಮಾತ್ರ ಸಾಲಾಗಿ ಕುಳಿತಿದ್ದವು. ಮನೆಗಳ ಬಾಗಿಲುಗಳು ತೆರೆದೇ ಇದ್ದವು, ಒಳಗೆ ಯಾರೂ ಇರಲಿಲ್ಲ. ಎಲ್ಲರೂ ಪಂಪ್‌ಹೌಸಿನ ಬೀಗ ಹಾಕಿದ ಗೇಟಿನೆದುರು ಖಾಲಿ ಬಕೆಟ್ಟುಗಳನ್ನು ಹಿಡಿದು ನಿಂತಿದ್ದರು, ಯಾರೂ ಕೂಗುತ್ತಿರಲಿಲ್ಲ. ಅತ್ತೆ ಮುಂದಿನ ಸಾಲಿನಲ್ಲಿದ್ದಳು. ಅವಳ ಪಕ್ಕದಲ್ಲಿ ಮಾವ, ಕೀಲಿಯಿಲ್ಲದ ಸೊಂಟಕ್ಕೆ ಬಕೆಟ್ಟನ್ನು ಆನಿಸಿಕೊಂಡು, ಗೇಟಿನ ಸರಳುಗಳ ಸಂದಿಯಿಂದ ತನ್ನ ಮಲಗಿದ ಬಾವಿಗಳನ್ನು ನೋಡುತ್ತ ನಿಂತಿದ್ದ. ಅವಳು ಬಂದದ್ದನ್ನು ಕಂಡು ಸ್ವಲ್ಪ ಸರಿದು ಜಾಗ ಬಿಟ್ಟ.

ಈಗ ನೀವು ಏಳಿ. ನಿಮ್ಮ ಮನೆಯ ನಲ್ಲಿಯನ್ನೊಮ್ಮೆ ತಿರುಗಿಸಿ ನೋಡಿ. ಒಣಗಿದ್ದರೆ, ಬೈಯುತ್ತ ಕೂರಬೇಡಿ. ಖಾಲಿ ಬಕೆಟ್ಟು ಹಿಡಿದುಕೊಂಡು ನಿಮ್ಮೂರಿನ ಪಂಪ್‌ಹೌಸಿಗೆ ನಡೆಯಿರಿ. ಗೇಟಿನ ಮುಂದೆ ನಿಂತು, ಎಲ್ಲವನ್ನೂ ಒಟ್ಟಿಗೆ ಓಡಿಸಿ ಅಳೆಯಿರಿ ಎನ್ನಿ. ಅಳೆಯುವವರೆಗೆ ಬಕೆಟ್ಟನ್ನು ಕೆಳಗಿಡಬೇಡಿ.